ಶೈಲಜಾಳ ಗುಜರಿ ಸಾಲು

ಮೊನ್ನೆ ಸದಾಶಿವನಗರದಲ್ಲಿ ಫೋನು ಕೊಳ್ಳುತ್ತಿದ್ದಾಗ ಅಂಗಡಿಯವನು, "ಎಂಟು ಕೋರು ಮೇಡಂ, ಒಳಗೆ ಎಂಟು ತಲೆ ಇದ್ದಂಗೆ" ಎಂದ. ಥಟ್ಟನೆ ಶೈಲಜಾ ನೆನಪಾದಳು. ನಿಜ ಹೇಳಲೇ? ಹೊಟ್ಟೆಯಲ್ಲಿ ಹಳೇ ಉರಿ ಎದ್ದಿತು.

ನಾವಿಬ್ಬರೂ ತುಮಕೂರಿನ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ನಾನು ಗುಬ್ಬಿಯವಳು, ಅವಳು ಕುಣಿಗಲ್ಲಿನವಳು. ಒಂದು ವರ್ಷ ಇಬ್ಬರಿಗೂ ಒಂದೇ ಕೆಲಸ ಕೊಟ್ಟರು: ಸಾವಿರಾರು ತೆಂಗಿನ ಗರಿಗಳ ಫೋಟೋ ನೋಡಿ ರೋಗ ಹಿಡಿದದ್ದು ಯಾವುದೆಂದು ಕಂಪ್ಯೂಟರೇ ಹೇಳಬೇಕು. ಯಾರದು ಮೊದಲು ಮುಗಿಯುತ್ತದೋ ಅವರಿಗೆ ಹೊಸ ಲ್ಯಾಬಿನ ಉಸ್ತುವಾರಿ ಎಂದರು ಪ್ರಿನ್ಸಿಪಾಲರು. ನನಗೆಷ್ಟು ಆಸೆಯೆಂದರೆ, ಆ ಲ್ಯಾಬಿನ ಕಿಟಕಿಗೆ ಹಸಿರು ಪರದೆಯನ್ನೂ ಮನಸ್ಸಿನಲ್ಲೇ ಹೊಲಿಸಿಟ್ಟಿದ್ದೆ.

ಕಾಡಿಬೇಡಿ ಒಂದೇ ಡಬ್ಬದೊಳಗೆ ಹಲವು ಕೋರುಗಳಿರುವ ಹೊಸ ಮಲ್ಟಿಕೋರ್ ಯಂತ್ರ ತರಿಸಿಕೊಂಡೆ. ಅವಳು ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರ್ ಡಬ್ಬಗಳನ್ನೆಲ್ಲ ಎಳೆದು, ವೈರು ಬಿಗಿದು, ಸಾಲಾಗಿ ಕೂರಿಸಿ, "ಕ್ಲಸ್ಟರು ಕಣೇ" ಎಂದಳು.

"ಗುಜರಿ ಕಣೇ" ಎಂದೆ.

ಹಬ್ಬದ ದಿನ ಗುಬ್ಬಿಯ ನಮ್ಮ ಅಡುಗೆಮನೆ ನೀವು ನೋಡಬೇಕಿತ್ತು. ನಾಲ್ವರು ಸೊಸೆಯರು, ಒಂದೇ ಒರಳು. ಕೈ ಬೇಕಾದಷ್ಟು, ಆದರೆ ಒರಳ ಮುಂದೆ ಸರದಿ. ನನ್ನ ಯಂತ್ರದ್ದೂ ಅದೇ ಪಾಡಾಯಿತು: ಕೋರುಗಳೆಲ್ಲ ಒಂದೇ ಮೆಮೊರಿಗಾಗಿ ಕಾದು ನಿಂತವು. ಶೈಲಜಾಳ ಬೀದಿಯಲ್ಲಿ ಮದುವೆಯಾದರೆ ಮನೆಮನೆಯಲ್ಲೂ ಒಬ್ಬಟ್ಟು ಬೇಯಿಸಿ ತರುತ್ತಾರಂತೆ. ಅವರವರ ಒರಳು, ಅವರವರ ಒಲೆ. ಯಾರು ಎಷ್ಟು ಮಾಡಬೇಕೆಂದು ಬೀದಿಯಾಚೆಗೆ ಕೂಗಿ ಹೇಳುವುದೊಂದೇ ತಾಪತ್ರಯ. ಅವಳ ಡಬ್ಬಗಳೂ ಹಾಗೇ ದುಡಿದವು.

ನಡುವೆ ಅವಳದೊಂದು ಡಬ್ಬ ಟುಸ್ಸೆಂದು ಸತ್ತಿತು. ಅಯ್ಯೋ, ಒಳಗೊಳಗೇ ದೇವರಿಗೆ ಕೈಮುಗಿದೆ! ಮಿಕ್ಕವು ಅದರ ಪಾಲನ್ನೂ ಹಂಚಿಕೊಂಡು ಮುಗಿಸಿಯೇಬಿಟ್ಟವು. ಲ್ಯಾಬು ಅವಳದಾಯಿತು.

ಸಾಲದ್ದಕ್ಕೆ ಬಂದು, "ಬೇಜಾರ್ ಮಾಡ್ಕೋಬೇಡ. ನಿನ್ ಮಿಷಿನ್ನೂ ಸಾಲಿಗೆ ಸೇರ್ಸೋಣ. ಮುಂದೆ ಹಿಂಗೇ ಕಣೇ, ಒಂದೊಂದು ಡಬ್ಬದಲ್ಲೂ ಹತ್ತಾರು ಕೋರು, ಅಂಥ ಡಬ್ಬಗಳದೇ ಉದ್ದ ಸಾಲು" ಎಂದಳು. ಈಗ ಲೋಕದ ದೊಡ್ಡ ಲೆಕ್ಕಗಳೆಲ್ಲ ನಡೆಯುವುದು ಹಾಗೆಯೇ. ಅವಳ ಮಾತು ನಿಜವಾಯಿತಲ್ಲ ಎಂದೂ ನನಗೆ ಸಂಕಟ. ಕಿಟಕಿಗೆ ಅವಳು ಹಾಕಿಸಿದ್ದೂ ಹಸಿರು ಪರದೆಯನ್ನೇ.

ಹೊಸ ಫೋನಿನಿಂದ ಮೊದಲು ಕರೆ ಮಾಡಿದ್ದು ಅವಳಿಗೇ. ಹೊಸ ಫೋನು ಕೊಂಡೆ ಎಂದೆ.

"ಎಷ್ಟು ಕೋರೇ?"

"ಎಂಟು."

"ಥೂ, ನಂದಿನ್ನೂ ನಾಲ್ಕೇ ಕಣೇ. ಹೊಟ್ಟೆ ಉರೀತದೆ ನೋಡು."

ನನ್ನ ಸಮಾಧಾನಕ್ಕೆ ಹೇಳಿದಳೋ ಏನೋ. ಹೇಳಲಿ ಬಿಡಿ, ಇಷ್ಟು ವರ್ಷಕ್ಕೆ ನನ್ನ ಹೊಟ್ಟೆ ತಣ್ಣಗಾಯಿತು. "ನಾಳೆ ಮನೆಗೆ ಬಾರೇ, ನೀನೂ ಒಂದ್ಸಲ ಮುಟ್ಟಿ ನೋಡು" ಎಂದೆ.