ಹಾಳೆಯ ಹಿಂಬದಿ

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಗಂಗಕ್ಕನ ಮನೆ. ನನ್ನ ಚಿತ್ರಪುಸ್ತಕದ ಹಾಳೆಯ ನಡುವೆ ಮಗ್ಗ, ಮೂಲೆಯಲ್ಲಿ ಅವರು ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡಿದ್ದೆ. ನಾನು ಬಣ್ಣಕ್ಕೆ ನೀರು ಬೆರೆಸಿದ್ದೇ ತಡ, ಹನಿ ಸಿಡಿದೀತೆಂದು ಅವರು ಮಗ್ಗದ ರೇಷ್ಮೆಗೆ ಹಳೆ ಸೀರೆ ಹೊದಿಸಿಬಿಟ್ಟರು. ಮಗ್ಗವೇ ಮುಚ್ಚಿಹೋದ ಮೇಲೆ ಹಾಳೆ ತುಂಬ ಅವರನ್ನೇ ಬಿಡಿಸಿದೆ.

“ಬಂದೋರೆಲ್ಲ ಮಗ್ಗದ ಫೋಟೊನೇ ತೆಗೀತಾರೆ. ಇದ್ರಾಗೆ ನಾನೊಬ್ಳೇ ಇದ್ದೀನಿ. ಈ ಹಾಳೆ ನಂಗೆ ಕೊಡ್ತೀಯೇನಮ್ಮ?” ಎಂದರು.

“ಹಿಂದೆ ಇನ್ನೊಂದು ಚಿತ್ರ ಇದೆ ಅಕ್ಕ. ಹರಿದರೆ ಪುಸ್ತಕ ಕೆಡುತ್ತೆ” ಎಂದೆ.

“ಹಂಗಾರೆ ಬ್ಯಾಡ ಬಿಡಮ್ಮ, ಪುಸ್ತಕ ಕೆಡಬಾರ್ದು” ಎನ್ನುತ್ತ ಅವರು ಮಗ್ಗದ ಹೊದಿಕೆ ತೆಗೆದರು.

ಚಳ್ಳಕೆರೆಯ ಬಸ್ಸಿನಲ್ಲಿ ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿದ್ದದ್ದು, ಬೆಳಿಗ್ಗೆ ತಳಕಿನಲ್ಲಿ ಬಸ್ಸಿಗೆ ಕಾಯುವಾಗ ಹೊತ್ತು ಹೋಗದೆ ಬಿಡಿಸಿದ್ದ ಒಂದು ಖಾಲಿ ಟೀ ಲೋಟ.