ಮೂವತ್ತು ವರ್ಷದ ಹಲ್ಲು

ಬರ್ಕ್ಲಿಯ ಆ ಹಳೆಯ ಮನೆಯಲ್ಲಿ ಒಟ್ಟಿಗೆ ಬಾಡಿಗೆಗಿದ್ದವರೆಲ್ಲ ಮಹಾ ಓದಾಳಿಗಳು. ಎದುರು ಸಿಕ್ಕರೆ "ಚೆನ್ನಾಗಿದೀಯಾ?" ಅನ್ನುವ ಬದಲು "ನಿನ್ನ ಅಂಕಿ ಎಷ್ಟು?" ಎಂದು ಕೇಳುವ ಜಾತಿ. ಮನುಷ್ಯನನ್ನು ಮೀರಿಸುವ ಬುದ್ಧಿಯ ಯಂತ್ರವೊಂದು ಹುಟ್ಟಿ ನಮ್ಮ ಮೇಲೇ ತಿರುಗಿಬಿದ್ದರೆ, ಮನುಷ್ಯಕುಲ ಉಳಿಯುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ವೆಂಡೆಲ್ ಪ್ರೂಯಿಟ್‌ನ ಅಂಕಿ ಐದು. ಅದಕ್ಕಿಂತ ಕಡಿಮೆ ಹೇಳುವ ಗಂಡಸು ಆ ಮನೆಯಲ್ಲಿರಲಿಲ್ಲ. ಅವನಿಗೆ ಆ ಬಗ್ಗೆ ಒಳಗೊಳಗೇ ಜಂಭ.

ಇಂಥ ಯಂತ್ರಗಳ ಅಪಾಯ ಕುರಿತು ಬರೆಯುವ ಸಣ್ಣ ಸಂಸ್ಥೆಯೊಂದರಲ್ಲಿ ಅವನ ಕೆಲಸ. ಅವನ ಜೊತೆ ಬಾಳುತ್ತಿದ್ದ ಮಾರೆನ್ ಶಿಶುವಿಹಾರದ ಟೀಚರು. ಮಗು ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಹುಟ್ಟೋ ಮಗು ಸ್ಕೂಲು ಮುಗಿಸೋ ಹೊತ್ತಿಗೆ ಜಗತ್ತೇ ಇರಲ್ಲ ಮಾರೆನ್. ಅದಕ್ಕೆ ಅನ್ಯಾಯ ಮಾಡೋದಾ?" ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ, ಹೇಳುವವನು ಅದನ್ನೇ ಓದಿಕೊಂಡವನು. ನಂಬುತ್ತ ನಂಬುತ್ತ ಅವಳಿಗೆ ನಲವತ್ತೈದು ದಾಟಿತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಮಾರೆನ್ ಕಾಳಿನ ಸೂಪು ಬಡಿಸುತ್ತಿದ್ದಳು.

"ಆ ಯಂತ್ರಾನ ಪೆಟ್ಟಿಗೇಲಿ ಹಾಕಿ ಬೀಗ ಜಡಿದ್ರೆ ಆಯ್ತಪ್ಪ," ಎಂದ ಮಹಡಿ ಕೋಣೆಯ ಟೋಬಿಯಾಸ್. ಎಲ್ಲರ ಕಾಲೆಳೆಯುವುದೇ ಅವನ ಕಸುಬು.

"ಬೀಗದ ಕೈ ಯಾರ ಹತ್ರ ಇರುತ್ತೆ? ಮನುಷ್ಯನ ಹತ್ರ ತಾನೆ?" ಎಂದ ವೆಂಡೆಲ್. "ಅವನಿಗೆ ಏನು ಆಸೆ, ಏನು ಭಯ ಅಂತ ಅವನಿಗಿಂತ ಚೆನ್ನಾಗಿ ಅದಕ್ಕೆ ಗೊತ್ತಿರುತ್ತೆ. ಮಾತಲ್ಲೇ ಮರುಳು ಮಾಡಿ ಬಾಗಿಲು ತೆಗೆಸುತ್ತೆ. ಐದೂ ಜಾಸ್ತೀನೇ."

"ಅದಿರ್ಲಿ, ಒಂದೇ ಕಡೆ ಯಾಕೋ ಅಗೀತಿದೀಯಾ?"

"ಹೊಸ ಹಲ್ಲು ಹಾಕಿಸ್ಕೊಂಡೆ. ದವಡೆ ಮೂಳೆಗೇ ಕೂರಿಸಿದಾರೆ. ಡಾಕ್ಟರು ಕಡಿಮೆ ಬೆಲೇದೂ ತೋರಿಸಿದ್ರು, ಅದು ಹತ್ತು ವರ್ಷಕ್ಕೇ ಸಡಿಲ ಆಗುತ್ತಂತೆ. ಇದು ಮೂವತ್ತು ವರ್ಷ ಅಲ್ಲಾಡಲ್ಲ. ಎರಡೆರಡು ಸಲ ಯಾರು ನೋವು ತಿಂತಾರೆ?"

ಟೋಬಿಯಾಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಜಗತ್ತಿಗೇ ಇಲ್ಲದ ಮೂವತ್ತು ವರ್ಷ ನಿನ್ನ ಹಲ್ಲಿಗೆ ಎಲ್ಲಿಂದ ಬಂತೋ? ತಿದ್ಕೋ, ಅಂಕಿ ತಿದ್ಕೋ!"

ಬೇರೆ ಕಡೆಯಾಗಿದ್ದರೆ 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂದು ಮುಖಕ್ಕೆ ಉಗಿಯುತ್ತಿದ್ದರು. ಆ ಮನೆಯ ಪದ್ಧತಿಯೇ ಬೇರೆ. ನುಡಿಗೂ ನಡೆಗೂ ತಾಳೆಯಾಗದವನು ಎಲ್ಲರೆದುರು ಅಂಕಿ ಬದಲಿಸಿದರೆ ಅದು ದೊಡ್ಡತನ, ಉಳಿದವರು ಚಪ್ಪಾಳೆ ತಟ್ಟಬೇಕು. "ಸರಿಯಪ್ಪ, ಅರವತ್ತು," ಎಂದ ವೆಂಡೆಲ್. ಎಲ್ಲರೂ ತಟ್ಟಿದರು. ಬುದ್ಧಿಗೇಡಿ, ಎದ್ದು ನಿಂತು ತಲೆಬಾಗಿ ವಂದನೆ ಬೇರೆ ಸಲ್ಲಿಸಿದ.

ತಲೆ ಎತ್ತಿದಾಗ ಮಾರೆನ್ ಕಂಡಳು. ಸೌಟು ಹಿಡಿದು ನಿಂತೇ ಇದ್ದಳು. ಒಂದು ಹಲ್ಲಿನ ಮಾತಿಗೆ ಐದರಿಂದ ಅರವತ್ತಕ್ಕೆ ಹಾರುವ ಅಂಕಿಯನ್ನು ಮುಂದಿಟ್ಟುಕೊಂಡು ಇವಳಿಂದ ಏನನ್ನು ಕಿತ್ತುಕೊಂಡೆ ಎಂಬುದು ಅವನಿಗೆ ಆಗ ತಟ್ಟಿತು. ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಅವಳ ಹಿಂದೆಯೇ ಅಡುಗೆಮನೆಗೆ ಹೋದ. ಅವಳು ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು.

"ಯಾವತ್ತಿಂದ ಅರವತ್ತು?" ಎಂದಳು, ತಿರುಗದೆ.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ. "ಮೊದಲಿಂದಾನೂ. ಐದು ಅಂತ ನಾನು ಯಾವತ್ತೂ ನಂಬಿರ್ಲಿಲ್ಲ."

"ಮತ್ತೆ ಯಾವುದಕ್ಕೆ ಹೆದರ್ಕೊಂಡಿದ್ದೆ?"

"ಅಪ್ಪ ಆಗೋದಕ್ಕೆ. ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಯಂತ್ರದ ಹೆಸರು ಹೇಳಿದ್ರೆ ಮರ್ಯಾದೆ ಉಳಿಯೋದು."

ಮಾರೆನ್ ನಲ್ಲಿ ನಿಲ್ಲಿಸಿದಳು.

"ಹೆದರಿಕೆ ಅಂತ ಆಗ್ಲೇ ಹೇಳಿದ್ರೆ ನಾನೇನೂ ನಗ್ತಿರ್ಲಿಲ್ಲ, ವೆಂಡೆಲ್. ನಿನ್ನ ಬಿಟ್ಟು ಹೋಗ್ತಿದ್ದೆ, ಅಷ್ಟೆ. ಆಗ ನಂಗಿನ್ನೂ ವಯಸ್ಸಿತ್ತು."