ದೋಣಿಯ ಮುಂದಿನ ಭಾರ

ನೈರೋಬಿಯ ಮಗಳ ಮನೆಗೆ ಹೋಗಿ ಐದು ತಿಂಗಳಾಗಿತ್ತು. ಅಷ್ಟರಲ್ಲಿ ನಾನು ನೋಡಿದ್ದು ಹೈರಿಡ್ಜ್ ಬಡಾವಣೆಯ ಮೂರನೆಯ ಮಹಡಿಯ ಬಾಲ್ಕನಿ, ಕೆಳಗಿನ ತರಕಾರಿ ಅಂಗಡಿ, ಒಂದು ದೇವಸ್ಥಾನ, ಒಂದು ಮಾಲು. ಹಾಗಿರುವಾಗ ಒಂದು ಸಂಜೆ ಅಳಿಯ ಬಂದು, ಕನ್ನಡ ಕೂಟದವರು ನೈವಾಶಾ ಸರೋವರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ಬರುವ ಪಿಕ್ನಿಕ್ಕು ಇಟ್ಟುಕೊಂಡಿದ್ದಾರೆ ಅಂದ. ನಾನು ಮೊದಲು ಕೇಳಿದ್ದು ದೋಣಿ ಎಷ್ಟು ದೊಡ್ಡದು ಎಂದು.

"ಅತ್ತೆ, ದೋಣಿ ವಿಷ್ಯ ನೀವು ಬಿಟ್ಬಿಡಿ. ನೀವು ದಡದಲ್ಲಿ ಆರಾಮಾಗಿ ಕೂತಿರಿ. ಚೇರ್ ಹಾಕಿಸ್ತೀನಿ. ಒಳ್ಳೆ ಮರ ಇದೆ."

"ಮರ ಇಲ್ಲೂ ಇದೆಯಲ್ಲ," ಅಂದೆ.

ಅಳಿಯನನ್ನು ಎದುರಿಗೆ ನೀವು ಎಂದೇ ಮಾತಾಡಿಸುತ್ತೇನೆ. ಬರೆಯುವಾಗ ಅಷ್ಟೆಲ್ಲ ಬೇಡ. ಅವನ ತಪ್ಪೂ ಇರಲಿಲ್ಲ. ಹಿಂದಿನ ವರ್ಷ ನನ್ನ ಬಲ ಮಂಡಿಗೆ ಆಪರೇಷನ್ ಆಗಿತ್ತು. ಮಗಳು ಆಫೀಸಿನ ಕೆಲಸಕ್ಕೆಂದು ಒಂದು ವಾರ ಕಿಸುಮು ಊರಿಗೆ ಹೋಗುವವಳು, ಅಮ್ಮನನ್ನು ಮಾತ್ರ ದೋಣಿ ಹತ್ತಿಸಬೇಡಿ ಎಂದು ಗಂಡನಿಗೆ ಎರಡೆರಡು ಸಲ ಹೇಳಿ ಹೋಗಿದ್ದಳು. ಈ ಸಲದ ಪಿಕ್ನಿಕ್ಕಿನ ಉಸ್ತುವಾರಿಯೂ ಅವನದೇ. ನಾನು ಜಾರಿ ಬಿದ್ದರೆ ಅವನಿಗೆ ಕೂಟದಲ್ಲೂ ಮುಖ ಇಲ್ಲ, ಮನೆಯಲ್ಲೂ ಊಟ ಇಲ್ಲ.

ಆದರೆ ನನಗೆ ದೋಣಿ ಹತ್ತಲೇಬೇಕಿತ್ತು. ನನ್ನ ಅಪ್ಪ ಅಘನಾಶಿನಿ ಹೊಳೆಯಲ್ಲಿ ತಾರಿ ದೋಣಿ ನಡೆಸುತ್ತಿದ್ದ. ಈ ದಡದ ಜನರನ್ನು ಆ ದಡಕ್ಕೆ ಬಿಡುವುದು, ಆ ದಡದವರನ್ನು ಈ ದಡಕ್ಕೆ ತರುವುದು, ಅಷ್ಟೇ ಕೆಲಸ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನೂ ಆ ದೋಣಿಯಲ್ಲೇ. ಅಪ್ಪ ಮಾತಿನವನಲ್ಲ. ಯಾರು ಎಲ್ಲಿ ಕೂರಬೇಕು ಎಂದು ಹೇಳುವುದು ನನ್ನ ಪಾಲಿಗಿತ್ತು. ಮೈಭಾರದವರು ನಡುವೆ, ಮೀನಿನ ಬುಟ್ಟಿ ಹಿಂದೆ, ಜಗಳವಾಡಿಕೊಂಡವರು ಆಚೊಬ್ಬರು ಈಚೊಬ್ಬರು. ಒಬ್ಬಿಬ್ಬರೇ ಇದ್ದ ದಿನ ದೋಣಿಯ ಮೂತಿ ಮೇಲೇಳುತ್ತಿತ್ತು. ಆಗ ಅಪ್ಪ ಮುಂದುಗಡೆ ಒಂದು ಕಲ್ಲು ಇಡುತ್ತಿದ್ದ. ಕಲ್ಲು ಹೊರಲು ಬೇಸರವಾದರೆ ಕಲ್ಲಿನ ಜಾಗದಲ್ಲಿ ನನ್ನನ್ನು ಕೂರಿಸುತ್ತಿದ್ದ. ಮದುವೆಯಾಗಿ ಮೈಸೂರಿಗೆ ಬಂದೆ. ಅತ್ತ ಸೇತುವೆಯಾಯಿತು, ಅಪ್ಪ ದೋಣಿ ಮಾರಿದ. ಅದಕ್ಕಾಗಿ ನಾನೇನೂ ಅತ್ತವಳಲ್ಲ, ಸೇತುವೆ ಒಳ್ಳೆಯದೇ. ಆದರೂ ಐವತ್ತು ವರ್ಷ ದೋಣಿ ಹತ್ತಿರಲಿಲ್ಲ. ಇಲ್ಲಿಯ ದೋಣಿಗೆ ಎಂಜಿನ್ ಅಂತೆ, ಅದು ಹಿಂದೆ ಇದ್ದರೆ ಮುಂದೆ ಏನಿಡುತ್ತಾರೆ ಎಂದು ತಿಳಿಯುವ ಕುತೂಹಲ ಹುಟ್ಟಿತು. ಹುಟ್ಟಿದ ಮೇಲೆ ಮಂಡಿಯ ಮಾತು ಯಾರು ಕೇಳುತ್ತಾರೆ.

ಭಾನುವಾರ ಏಳು ಗಂಟೆಗೆ ಎಂದಿದ್ದ ಬಸ್ಸು ಎಂಟೂವರೆಗೆ ಹೊರಟಿತು. ಸೌತ್ ಸಿ ಬಡಾವಣೆಯಿಂದ ಬರಬೇಕಾದ ಎರಡು ಸಂಸಾರದವರು ಟ್ರಾಫಿಕ್ ಅಂದರು. ಭಾನುವಾರ ಬೆಳಿಗ್ಗೆ ಎಂಥ ಟ್ರಾಫಿಕ್ಕೋ, ತಲೆಗೂದಲು ಇನ್ನೂ ಒದ್ದೆಯಾಗಿತ್ತು. ನನ್ನ ಕಾಲ ಬಳಿ ಇಪ್ಪತ್ತೈದು ಜನರ ಪುಳಿಯೋಗರೆ ಇದ್ದ ಪಾತ್ರೆ. ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷು ಅರ್ಧ ತಿಳಿಯುತ್ತದೆ, ಆ ಅರ್ಧ ನಮಗೆ ಸಾಕು.

ಒಂದು ಗಂಟೆ ಹೋದ ಮೇಲೆ ರಸ್ತೆಯ ಎಡಗಡೆ ನೆಲವೇ ಇರಲಿಲ್ಲ. ಕಪಾಟಿನ ಮೇಲಿನ ಹಲಗೆಯಿಂದ ಕೆಳಗಿನ ಹಲಗೆ ನೋಡಿದ ಹಾಗೆ, ಎಷ್ಟೋ ಕೆಳಗೆ ಹೊಲ, ಒಂದು ಒಂಟಿ ಬೆಟ್ಟ. ಇದೇನು ಎಂದು ಕೇಳಿದೆ.

"ರಿಫ್ಟ್ ವ್ಯಾಲಿ, ಅಜ್ಜಿ. ದಿ ಅರ್ತ್ ಈಸ್ ಸ್ಪ್ಲಿಟಿಂಗ್."

"ಭೂಮಿ ಸೀಳ್ತಾ ಇದೆಯಾ? ಯಾವಾಗಿಂದ?"

"ಮಿಲಿಯನ್ಸ್ ಆಫ್ ಇಯರ್ಸ್."

"ಹಾಗಾದ್ರೆ ಇವತ್ತೊಂದಿನ ತಡ್ಕೊಳ್ಳತ್ತೆ ಬಿಡು."

ಸರೋವರದ ದಡದಲ್ಲಿ ಹಳದಿ ತೊಗಟೆಯ ಮುಳ್ಳುಮರಗಳಿದ್ದವು. ಕೆಲವು ನೀರಿನೊಳಗೇ ನಿಂತು ಸತ್ತಿದ್ದವು. ನೀರು ಏರಿ ಬಂದು ಮರಗಳನ್ನು ನುಂಗಿತು ಎಂದರು. ಸತ್ತ ಕೊಂಬೆಗಳ ಮೇಲೆಲ್ಲ ಹಕ್ಕಿಗಳು. ಅಳಿಯ ಹೇಳಿದಂತೆ ಚೇರೂ ಇತ್ತು, ಮರವೂ ಇತ್ತು. ಊಟ ಏನಿದ್ದರೂ ಎಲ್ಲರೂ ದೋಣಿಯಲ್ಲಿ ಹೋಗಿ ತಿರುಗಿ ಬಂದ ಮೇಲೆ, ಅಲ್ಲಿಯವರೆಗೆ ಪಾತ್ರೆಗಳನ್ನು ಕೋತಿಗಳಿಂದ ಕಾಯುವುದು ನನ್ನ ಕೆಲಸ. ಕೈಗೊಂದು ಕೋಲು ಕೊಟ್ಟ. ಬಸ್ಸಿನ ಡ್ರೈವರು ಅಲ್ಲೇ ಹುಲ್ಲಿನ ಮೇಲೆ ಕಾಲು ಚಾಚಿದ್ದ. ಕೋಲನ್ನು ಅವನಿಗೆ ಕೊಟ್ಟು, ಪಾತ್ರೆ ತೋರಿಸಿ, ಕೋತಿ ತೋರಿಸಿ, "ಅಸಾಂಟೆ" ಅಂದೆ, ಥ್ಯಾಂಕ್ಸ್ ಎಂದು. ಅವನು ನಕ್ಕು ಚೇರಿನಲ್ಲಿ ಕೂತ. ನಾನು ಬರೀ ನೋಡಲೆಂದು ದೋಣಿಗಳಿದ್ದ ಹಲಗೆಯ ಕಟ್ಟೆಗೆ ಹೋದೆ.

ಮೂರು ದೋಣಿ. ಮರದ್ದಲ್ಲ, ಫೈಬರಿನವು. ಹಿಂದೆ ಎಂಜಿನ್ನು, ಅಡ್ಡಡ್ಡ ಸೀಟು. ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಿಕೊಂಡಿದ್ದರು. ಮೊದಲ ದೋಣಿ ಆಗಲೇ ಒಂದು ಕಡೆಗೆ ವಾಲಿತ್ತು. ನಮ್ಮವರು ಮದುವೆ ಮನೆಯಲ್ಲಿ ಕೂರುವಂತೆ ಸಂಸಾರ ಸಂಸಾರವೇ ಒಟ್ಟಿಗೆ ಕೂತಿದ್ದರು. ಕೂಟದ ಅಧ್ಯಕ್ಷರು, ಅವರ ಹೆಂಡತಿ, ಇಬ್ಬರು ಮಕ್ಕಳು, ನಾಲ್ವರೂ ಫೋಟೋಕ್ಕೆಂದು ಎಡಗಡೆಯ ಅಂಚಿನಲ್ಲೇ. ಅಧ್ಯಕ್ಷರೊಬ್ಬರೇ ಒಂದು ಅಕ್ಕಿಮೂಟೆ ಮೀರಿದವರು. ದೋಣಿಯವನು ನಡುವಯಸ್ಸಿನವನು, ಗಡ್ಡದಲ್ಲಿ ನರೆ, ಮೊಣಕಾಲವರೆಗೆ ರಬ್ಬರ್ ಬೂಟು. ಸ್ವಲ್ಪ ಸರಿಯಿರಿ ಎಂದು ಕೈ ಮಾಡಿ ಮಾಡಿ ಹೇಳುತ್ತಿದ್ದ. ಯಾರೂ ಸರಿಯಲಿಲ್ಲ. ನೀವು ದಪ್ಪ ಎಂದು ಗಿರಾಕಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನನ್ನ ಅಪ್ಪನೂ ಹೀಗೇ ಕೈ ಮಾಡುತ್ತಿದ್ದ.

"ರೀ ಅಧ್ಯಕ್ಷರೇ, ನೀವು ನಡುವೆ ಬನ್ನಿ," ಅಂದೆ. "ಒಬ್ಬರೇ ಮೂರಾಳಿನ ತೂಕ ಇದ್ದೀರಿ. ಅಂಚಲ್ಲಿ ಕೂತ್ರೆ ನಡುಗಡ್ಡೆಗೆ ಹೋಗಲ್ಲ, ತಳಕ್ಕೆ ಹೋಗ್ತೀರಿ."

ಮೊದಲು ನಕ್ಕಿದ್ದು ಅವರ ಹೆಂಡತಿಯೇ. "ನಾನು ಹದಿನೈದು ವರ್ಷದಿಂದ ಹೇಳ್ತಿದ್ದೀನಿ ಅಮ್ಮ, ನನ್ನ ಮಾತು ಕೇಳಲ್ಲ," ಅಂದಳು. ಅವರು ನಡುವೆ ಬಂದರು. ಮಕ್ಕಳನ್ನು ಆ ಕಡೆ ಈ ಕಡೆ ಮಾಡಿಸಿದೆ. ದೋಣಿ ನೇರವಾಯಿತು. ದೋಣಿಯವನು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ. ಎರಡನೆಯದನ್ನೂ ನಾನೇ ತುಂಬಿಸಿದೆ. ಯಾರೂ ಎದುರಾಡಲಿಲ್ಲ. ಎರಡೂ ದೋಣಿ ಹೊರಟುಹೋದವು. ನನ್ನನ್ನು ಯಾರೂ ಹತ್ತಿ ಅನ್ನಲಿಲ್ಲ.

ಆ ಗಡ್ಡದ ದೋಣಿಯವನು ತನ್ನದನ್ನು ಬೇರೆಯವನ ಕೈಗೆ ಕೊಟ್ಟು ಮೂರನೆಯದಕ್ಕೆ ಬಂದಿದ್ದ. ಅದಕ್ಕೆ ಉಳಿದವರು ನಾಲ್ಕೇ ಜನ. ಅಳಿಯ, ಮೊಮ್ಮಗಳು, ಹೊಸದಾಗಿ ಮದುವೆಯಾದ ಬ್ಯಾಂಕಿನ ಹುಡುಗ ಮತ್ತು ಅವನ ಹೆಂಡತಿ. ಆ ಇಬ್ಬರೂ ಸೇರಿದರೂ ಒಂದು ಆಳಿನ ತೂಕವಿಲ್ಲ. ಮುಂದೆ ಕೂತರೆ ನೀರು ಎರಚುತ್ತದೆಂದು ಎಲ್ಲರೂ ಹಿಂದಿನ ಸೀಟುಗಳಲ್ಲಿ ಕೂತಿದ್ದರು. ಮೂತಿ ಸೊಂಡಿಲಿನಂತೆ ಮೇಲೆದ್ದಿತ್ತು. ಆ ಗಂಡ ಹೆಂಡಿರನ್ನು ಮುಂದಕ್ಕೆ ಕಳಿಸಿದರೆ ಮುಗಿಯುತ್ತಿತ್ತು. ನನಗೆ ಗೊತ್ತಿತ್ತು. ಬೆಳಗಿನಿಂದ ಬಾಯಿ ಮುಚ್ಚದವಳು ಆಗ ಮಾತ್ರ ಬಾಯಿ ಮುಚ್ಚಿಕೊಂಡೆ.

ದೋಣಿಯವನು ಮೂತಿ ನೋಡಿದ, ನನ್ನನ್ನು ನೋಡಿದ. ಮೊಮ್ಮಗಳಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದ.

"ಅಪ್ಪಾ, ದ ಫ್ರಂಟ್ ಈಸ್ ಟೂ ಲೈಟ್," ಅಂದಳು ಅವಳು. "ಹಿ ನೀಡ್ಸ್ ಶೋಶೋ." ಶೋಶೋ ಅಂದರೆ ಅಲ್ಲಿ ಅಜ್ಜಿ.

"ಬೇಡ ಬೇಡ. ಅತ್ತೆ, ನೀವು ಬರ್ಬೇಡಿ. ನಿಮ್ಮ ಮಗಳು ನನ್ನ ಬಿಡಲ್ಲ."

"ನೀವೇನು ಹತ್ತಿಸ್ತಿಲ್ವಲ್ಲ. ದೋಣಿಯವನು ಕರೀತಿದ್ದಾನೆ."

"ಮಂಡಿ, ಅತ್ತೆ."

ನಾನು ಕಟ್ಟೆಯ ಹಲಗೆಯ ಮೇಲೆ ಕೂತೆ. ಎರಡೂ ಕಾಲು ದೋಣಿಯೊಳಗೆ ಬಿಟ್ಟೆ, ಹಿಂಭಾಗ ಜಾರಿಸಿದೆ. ದೋಣಿ ಹತ್ತುವುದು ಮಂಡಿಯ ಕೆಲಸ ಎಂದು ಅವನಿಗೆ ಯಾರು ಹೇಳಿದರೋ. ದೋಣಿಯವನು ಮೊಣಕೈ ಹಿಡಿದು, "ಪೋಲೆ ಪೋಲೆ, ಶೋಶೋ," ಅನ್ನುತ್ತಿದ್ದ, ನಿಧಾನ ನಿಧಾನ ಎಂದು. ನಾನು ಕೂತ ಕೂಡಲೇ ಮೂತಿ ಇಳಿಯಿತು. ಅಳಿಯ ಎದ್ದು ಬಂದು ನನ್ನ ಸೆರಗಿನ ಮೇಲೆ ಲೈಫ್ ಜಾಕೆಟ್ಟು ಬಿಗಿದ. ಎಳೆದು ಎಳೆದು ಬಿಗಿದ.

ನೀರಿಗೆ ನಮ್ಮ ಹೊಳೆಯ ವಾಸನೆ ಇರಲಿಲ್ಲ. ಉಪ್ಪಿಲ್ಲ, ಬರೀ ಪಾಚಿ. ದೋಣಿಯವನು ನೀರುಕುದುರೆಗಳನ್ನು ದೂರದಿಂದಲೇ ತೋರಿಸಿದ. ಅದಕ್ಕೆ ಕುದುರೆ ಎಂದು ಹೆಸರಿಟ್ಟವರು ಕುದುರೆಯನ್ನು ನೋಡಿರಲಿಕ್ಕಿಲ್ಲ. ಕೊಂಬಿಲ್ಲದ ಎಮ್ಮೆ, ಅಷ್ಟೇ. ಒಂದು ಮರದ ತುದಿಯಲ್ಲಿ ಬಿಳಿ ತಲೆಯ ಹದ್ದು ಕೂತಿತ್ತು. ಬ್ಯಾಂಕಿನ ಹುಡುಗನ ಹೆಂಡತಿ ಗರುಡ ಎಂದು ಕೆನ್ನೆ ಮುಟ್ಟಿಕೊಂಡಳು. ಅಷ್ಟರಲ್ಲಿ ದೋಣಿಯವನು ಸಿಳ್ಳೆ ಹಾಕಿ ಒಂದು ಮೀನು ಎಸೆದ. ಗರುಡ ಬಂದು ಉಗುರಿನಲ್ಲಿ ಎತ್ತಿಕೊಂಡು ಹೋಯಿತು. ಹುಡುಗಿ ನನ್ನ ಮುಖ ನೋಡಿದಳು.

"ಅದಕ್ಕೂ ಹೊಟ್ಟೆ ಇದೆಯಲ್ಲಮ್ಮ," ಅಂದೆ.

ನಡುಗಡ್ಡೆ ಅರ್ಧಚಂದ್ರದ ಹಾಗೆ ಬಾಗಿತ್ತು. ಬಾಗಿದ ಒಳಗಡೆ ನೀರು ಅಲೆಯಿಲ್ಲದೆ, ಕಪ್ಪಗೆ ನಿಂತಿತ್ತು. ದೋಣಿಯವನು ಮೂತಿಯನ್ನು ಮರಳಿಗೆ ಹತ್ತಿಸಿ ನಿಲ್ಲಿಸಿದ. ಮುಂದೆ ಕೂತವಳು ನಾನಾದ್ದರಿಂದ ಮೊದಲು ಇಳಿದವಳೂ ನಾನೇ. ಉಳಿದವರು ಜಿರಾಫೆ, ಜೀಬ್ರಾ ನೋಡಲು ಹೋದರು. ಅಲ್ಲಿ ಹುಲಿ ಸಿಂಹ ಇಲ್ಲವಂತೆ, ನಡೆದೇ ಹೋಗಬಹುದು. ಜಿರಾಫೆ ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು, ಅದರ ಎತ್ತರಕ್ಕೆ ಹತ್ತಿರ ಹೋಗುವುದು ಏಕೆ. ನಾನು ಮರಳಿನ ಮೇಲೆ ಕೂತು, ದುಭಾಷಿಗೆಂದು ಮೊಮ್ಮಗಳನ್ನು ಹಿಡಿದುಕೊಂಡು, ದೋಣಿಯವನನ್ನು ಕೇಳತೊಡಗಿದೆ.

ಇದು ನಿಜವಾಗಿ ನಡುಗಡ್ಡೆಯೋ? ನೀರು ಹೆಚ್ಚಿದರೆ ಹೌದು, ಇಳಿದರೆ ಆ ಕಡೆ ನೆಲ ಸೇರುತ್ತದೆ ಅಂದ. ನೀನು ಇಲ್ಲಿಯವನೋ? ಅಲ್ಲ, ಕಿಸುಮು ಕಡೆಯವನು, ಅಲ್ಲಿಯ ಸರೋವರ ಇನ್ನೂ ದೊಡ್ಡದು, ಅಪ್ಪ ಅಲ್ಲಿ ಮರದ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದ ಅಂದ. ಈ ಕಪ್ಪು ನೀರು ಎಷ್ಟು ಆಳ? ಎಲ್ಲರೂ ಬಂದು ಕೂತ ಮೇಲೆ, ದೋಣಿಯನ್ನು ಆ ನೀರಿನ ನಡುವೆ ನಿಲ್ಲಿಸಿ, ಲಂಗರಿನ ಹಗ್ಗ ನನ್ನ ಕೈಗೆ ಕೊಟ್ಟು, ಬಿಡು ಎಂದು ಸನ್ನೆ ಮಾಡಿದ. ಬಿಟ್ಟೆ. ಹಗ್ಗ ಹೋಯಿತು, ಹೋಯಿತು, ಸುರುಳಿ ಪೂರಾ ಬಿಚ್ಚಿತು. ತಳ ಸಿಗಲಿಲ್ಲ. ನಮ್ಮ ಹೊಳೆಯಲ್ಲಿ ಅಪ್ಪ ದೋಣಿ ನೂಕುವ ಗಳ ಎಲ್ಲಿ ಇಟ್ಟರೂ ತಳ ಮುಟ್ಟುತ್ತಿತ್ತು. ತಳ ಸಿಗದ ನೀರಿನ ಮೇಲೆ ನಾನು ಕೂತದ್ದು ಅದೇ ಮೊದಲು. ಎಳೆದುಕೊಳ್ಳಲು ಅಳಿಯನೂ ಕೈ ಹಾಕಬೇಕಾಯಿತು. ಎಳೆಯುತ್ತಾ, "ಎಷ್ಟಿರ್ಬಹುದು ಅತ್ತೆ, ಆಳ?" ಅಂದ. ಬೆಳಗಿನಿಂದ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ವಾಪಸು ಬರುವಾಗ ಗಾಳಿ ಎದ್ದಿತ್ತು. ಅಲೆ ಎರಚಿ ನನ್ನ ಎದೆಯಿಂದ ಕೆಳಗೆ ಒದ್ದೆ. ಹತ್ತಿದ ಹಾಗೇ ಇಳಿಯುವುದು ಆಗಲಿಲ್ಲ. ಅಳಿಯ ಮೇಲಿನಿಂದ, ದೋಣಿಯವನು ಕೆಳಗಿನಿಂದ, ಮೂಟೆ ಎತ್ತಿದಂತೆ ಎತ್ತಿ ಹಲಗೆಯ ಮೇಲೆ ಇಟ್ಟರು. ಸೀರೆ ಹಿಂಡಿಕೊಳ್ಳುತ್ತಾ ನಿಂತಿದ್ದೆ. ನಡುಗಡ್ಡೆಯಲ್ಲಿ ಉಳಿದಿದ್ದ ಇಬ್ಬರು ಕೆಲಸದವರನ್ನು ಕರೆತರಲು ದೋಣಿಯವನು ಒಬ್ಬನೇ ಹೊರಟ. ಹೊರಡುವ ಮೊದಲು ಸೀಟಿನ ಕೆಳಗಿನಿಂದ ಎರಡು ಹಳದಿ ಪ್ಲಾಸ್ಟಿಕ್ ಕ್ಯಾನು ಎಳೆದು, ಅಲ್ಲೇ ನೀರಿನಲ್ಲಿ ಮುಳುಗಿಸಿ ತುಂಬಿಸಿ, ದೋಣಿಯ ಮೂತಿಯಲ್ಲಿಟ್ಟ. ನಾನು ಕೂತಿದ್ದ ಜಾಗದಲ್ಲೇ.

ಕಲ್ಲು ಹೊರಬೇಕಿಲ್ಲ, ನೀರನ್ನೇ ಭಾರ ಮಾಡಿದರಾಯಿತು. ನಮ್ಮ ಅಪ್ಪನಿಗೆ ಇದು ಹೊಳೆದಿರಲಿಲ್ಲ. ಆದರೆ ನನಗೆ ಬೇರೆಯದೇ ಪ್ರಶ್ನೆ ಬಂತು.

"ಬೆಳಿಗ್ಗೆಯೂ ಈ ಕ್ಯಾನು ಇದ್ವಲ್ಲ? ಮತ್ತೆ ನನ್ನ ಯಾಕೆ ಕರೆದೆ ಅಂತ ಕೇಳು," ಅಂದೆ ಮೊಮ್ಮಗಳಿಗೆ.

ಅವಳು ಕೇಳಿದಳು. ಅವನು ನಕ್ಕ, ಎಂಜಿನ್ನಿನ ದಾರ ಎಳೆಯುತ್ತಾ ಏನೋ ಅಂದ.

"ಹಿ ಸೇಸ್, ಯೂ ಆಲ್ಸೋ ನ್ಯೂ. ಆ ಥಿನ್ ಕಪಲ್ ಮುಂದೆ ಕೂರಬಹುದಿತ್ತು ಅಂತ ನಿನಗೂ ಗೊತ್ತಿತ್ತಂತೆ, ಬಟ್ ಯೂ ಡಿಡಂಟ್ ಸೇ."

ಅವನ ಹಿಂದೆ ನಾನು ಕೈ ಬೀಸಲಿಲ್ಲ. ಊಟಕ್ಕೆ ಎಲೆ ಹಾಕಿದಾಗ ಒಂದು ಡಬ್ಬಿ ಚಕ್ಕುಲಿ ತೆಗೆದು ಪಕ್ಕಕ್ಕಿಟ್ಟೆ, ಅವನು ತಿರುಗಿ ಬಂದ ಮೇಲೆ ಮೊಮ್ಮಗಳ ಕೈಯಲ್ಲಿ ಕಳಿಸಿದೆ. ಡ್ರೈವರು ಕಾದಿದ್ದ ಪುಳಿಯೋಗರೆ ಪೂರ್ತಿ ಇತ್ತು.

ಬಸ್ಸು ಬೆಟ್ಟ ಹತ್ತುವಾಗ ಮಗಳು ಅಳಿಯನಿಗೆ ಫೋನು ಮಾಡಿದಳು.

"ಹೂಂ, ಅತ್ತೆ ಚೆನ್ನಾಗಿದ್ದಾರೆ. ಇಲ್ಲ ಇಲ್ಲ, ಮರದ ಕೆಳಗೆ ಕೂತು ಊಟ ಮಾಡಿದ್ರು," ಅಂದ. ಸುಳ್ಳಲ್ಲ. ನಾನು ಕೈ ಚಾಚಿದೆ. ಅವನು ಫೋನು ಕೊಡುವ ಮೊದಲು ನನ್ನ ಒದ್ದೆ ಸೀರೆ ಒಮ್ಮೆ ನೋಡಿದ.

"ಏನಮ್ಮಾ, ಬೋರಾಯ್ತಾ?"

"ಇಲ್ಲ. ದೋಣಿ ಹತ್ತಿದ್ದೆ."

"ಅವರು ಹತ್ತಿಸಿದ್ರಾ?"

"ಅವರು ಬೇಡ ಅಂದ್ರು. ಮುಂದೆ ಭಾರ ಇರ್ಲಿಲ್ಲ, ಹತ್ತಿದೆ. ಅವರನ್ನ ಏನೂ ಅನ್ಬೇಡ."

"ಮತ್ತೆ ಮಂಡಿ?"

"ಮಂಡಿ ಇದ್ದಲ್ಲೇ ಇದೆ. ಅದಿರ್ಲಿ, ನೀನೀಗ ಹೋಗಿರೋ ಊರಲ್ಲಿ ಇದಕ್ಕಿಂತ ದೊಡ್ಡ ಸರೋವರ ಇದೆಯಂತಲ್ಲ. ಅಲ್ಲಿ ಮರದ ದೋಣಿ ಎಷ್ಟು ದೊಡ್ಡದು, ನೋಡ್ಕೊಂಡು ಬಾ."